ಚರಿತ್ರೆಯ ಪದವಿಯೂ ನಮ್ಮ ಎರಡು ತಾಲ್ಲೂಕುಗಳೂ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದು ಕಾಲೇಜುಗಳಲ್ಲಿ ಪ್ರವೇಶ ಮೊದಲಾಯಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮಗ ಏನನ್ನು ಓದಬೇಕು, ಮಗಳು ಏನನ್ನು ಓದಬೇಕು? ವಿಜ್ಞಾನಕ್ಕೆ ಅಂಕ ಸಾಲದವರು ವಾಣಿಜ್ಯಕ್ಕೆ, ವಾಣಿಜ್ಯದಲ್ಲಿ ಮನಸ್ಸಿಲ್ಲದವರು ಬಿ.ಎ. ತರಗತಿಗೆ, ಬಿ.ಎ. ತರಗತಿಯಲ್ಲಿಯೂ ಬೇರೇನೂ ತೋಚದವರು ಚರಿತ್ರೆಗೆ, ಹೀಗೆ ಒಂದು ಇಳಿಮೆಟ್ಟಿಲನ್ನು ನಾವೇ ಕಟ್ಟಿ ಇಟ್ಟಿದ್ದೇವೆ. ಸಂತೆ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ಕಾಯಿಯಂತೆ ಚರಿತ್ರೆಯ ವಿಷಯವು ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಹಾಗೆ ಬಂದುದನ್ನು ಅವನು ಹಾಗೆಯೇ ಓದುತ್ತಾನೆ. ಮೂರು ವರ್ಷಗಳ ತರುವಾಯ ಪದವಿಪತ್ರವೊಂದು ಕೈಗೆ ಬರುತ್ತದೆ, ಬುದ್ಧಿಗೆ ಬಂದುದು ಬಹು ಸ್ವಲ್ಪ. ಇದು ವಿದ್ಯಾರ್ಥಿಗೆ ಆಗುವ ನಷ್ಟ ಮಾತ್ರವಲ್ಲ, ಸೀಮೆಗೇ ಆಗುವ ನಷ್ಟವೆಂದು ನಾವು ಭಾವಿಸುತ್ತೇವೆ. ಆದುದರಿಂದ ಚರಿತ್ರೆಯ ಪದವಿಯನ್ನು ಹೇಗೆ ಯೋಜಿಸಿಕೊಳ್ಳಬೇಕು, ಅದರಲ್ಲಿ ವಿಶೇಷ ವ್ಯಾಸಂಗಕ್ಕೆ ಯಾವ ಭಾಗವನ್ನು ಆರಿಸಿಕೊಳ್ಳಬೇಕು ಎಂಬುದನ್ನು ವಾಚಕರ ಮುಂದೆ ಕೊಂಚ ವಿಸ್ತಾರವಾಗಿ ಇಡಬಯಸುತ್ತೇವೆ.

ಮೊದಲು ಅನ್ನದ ಮಾತು. ‘ಚರಿತ್ರೆ ಓದಿದರೆ ಹೊಟ್ಟೆ ತುಂಬುವುದೇ?’ ಎಂದು ಕೇಳುವ ತಂದೆಯನ್ನು ಹಳಿಯತಕ್ಕದ್ದಿಲ್ಲ. ಮಳೆಯಾಧಾರದ ಭೂಮಿಯಲ್ಲಿ ದುಡಿದು ಶುಲ್ಕ ಕಟ್ಟುವವನಿಗೆ ಹಾಗೆ ಕೇಳುವ ಹಕ್ಕುಂಟು. ಅವನಿಗೆ ನೇರವಾದ ಉತ್ತರವನ್ನೇ ಕೊಡಬೇಕು. ಬರಿಯ ಬಿ.ಎ. ಪದವಿಯಿಂದ ಕಾಲೇಜಿನ ಅಧ್ಯಾಪಕತ್ವ ದೊರೆಯುವುದಿಲ್ಲ, ಅದಕ್ಕೆ ಎಂ.ಎ. ಆಗಬೇಕು, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಪ್ರೌಢಶಾಲೆಯ ಉಪಾಧ್ಯಾಯನಾಗಲು ಬಿ.ಎಡ್. ಬೇಕು. ಆಡಳಿತ ಸೇವೆಗಳ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು. ಆದರೆ ಅವುಗಳ ಸಾಮಾನ್ಯ ಜ್ಞಾನದ ಪತ್ರಿಕೆಗಳಲ್ಲಿ ಚರಿತ್ರೆಯ ಪಾಲು ಸಣ್ಣದಲ್ಲ. ಪುರಾತತ್ತ್ವ, ಪತ್ರಾಗಾರ, ವಸ್ತುಸಂಗ್ರಹಾಲಯ, ಪತ್ರಿಕೋದ್ಯಮ, ಪ್ರವಾಸೋದ್ಯಮ ಮೊದಲಾದವು ಉಳಿದ ದಾರಿಗಳು. ಇವುಗಳಲ್ಲಿ ಯಾವುದೂ ಚರಿತ್ರೆಯನ್ನು ಅರೆಮನಸ್ಸಿನಿಂದ ಓದಿದವನಿಗೆ ತೆರೆಯುವ ಬಾಗಿಲಲ್ಲ. ಚೆನ್ನಾಗಿ ಓದಿದವನಿಗೆ ಚರಿತ್ರೆ ಅನ್ನ ಕೊಡಬಲ್ಲದು. ಕೆಟ್ಟದಾಗಿ ಓದಿದವನಿಗೆ ಯಾವ ವಿಷಯವೂ ಕೊಡಲಾರದು.

ಹಾಗಾದರೆ ಚೆನ್ನಾಗಿ ಓದುವುದೆಂದರೇನು? ರಾಜರ ಹೆಸರುಗಳನ್ನೂ ಯುದ್ಧಗಳ ವರ್ಷಗಳನ್ನೂ ಕಂಠಪಾಠ ಮಾಡುವುದೇ ಚರಿತ್ರೆಯೆಂಬ ಭ್ರಮೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಚರಿತ್ರೆಯೆಂಬುದು ಸಾಕ್ಷಿಗಳ ವಿಚಾರಣೆ. ನ್ಯಾಯಾಧಿಕಾರಿಯು ಸಾಕ್ಷಿಯನ್ನು ‘ನೀನು ಕಣ್ಣಾರೆ ಕಂಡೆಯಾ, ಕೇಳಿ ತಿಳಿದೆಯಾ, ಹೀಗೆ ಹೇಳುವುದರಿಂದ ನಿನಗೇನು ಲಾಭ?’ ಎಂದು ಕೇಳುವಂತೆ ಚರಿತ್ರಕಾರನು ಪ್ರತಿಯೊಂದು ಕಲ್ಲನ್ನೂ, ಪ್ರತಿಯೊಂದು ಓಲೆಯನ್ನೂ ಕೇಳಬೇಕು. ಇದಕ್ಕೆ ದೂರದ ನಿದರ್ಶನ ಬೇಡ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಜೈನರ ಪುರಾತನ ಕ್ಷೇತ್ರ. ಕರ್ನಲ್ ಮೆಕೆಂಜಿಯ ಸಂಗ್ರಹಕಾರ್ಯದೊಡನೆ ಸಂಪರ್ಕವಿದ್ದ ದೇವಚಂದ್ರನು ಅಲ್ಲಿಯವನು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ರಚಿಸಿದ ‘ರಾಜಾವಳೀ ಕಥೆ’ಯಲ್ಲಿ ಭದ್ರಬಾಹು ಮುನಿಯ ಮತ್ತು ಮೌರ್ಯ ಚಂದ್ರಗುಪ್ತನ ಕಥೆ ಬರುತ್ತದೆ. ಕಥೆಯ ಕಾಲಕ್ಕೂ ಗ್ರಂಥದ ಕಾಲಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗೂ ಮೀರಿದ ಅಂತರವಿದೆ. ಹಾಗೆಂದು ಗ್ರಂಥವನ್ನು ಎಸೆಯಬೇಕೆ? ಇಲ್ಲ. ಮೌರ್ಯರ ವಿಷಯದಲ್ಲಿ ಅದು ದುರ್ಬಲ ಸಾಕ್ಷಿ. ದೇವಚಂದ್ರನ ಕಾಲದ ಜೈನ ಸಮಾಜವು ತನ್ನ ಗತಕಾಲವನ್ನು ಹೇಗೆ ಕಲ್ಪಿಸಿಕೊಂಡಿತ್ತು ಎಂಬ ವಿಷಯದಲ್ಲಿ ಅದೇ ಉತ್ತಮ ಸಾಕ್ಷಿ. ಒಂದೇ ಗ್ರಂಥವು ಒಂದು ಪ್ರಶ್ನೆಗೆ ಕುರುಡಾಗಿಯೂ ಇನ್ನೊಂದು ಪ್ರಶ್ನೆಗೆ ಕಣ್ಣುಳ್ಳದ್ದಾಗಿಯೂ ಇರಬಹುದೆಂಬ ಈ ವಿವೇಕವನ್ನು ಕಲಿತ ದಿನ ವಿದ್ಯಾರ್ಥಿಯು ಚರಿತ್ರೆಯ ಹೊಸ್ತಿಲನ್ನು ದಾಟಿದನೆಂದು ತಿಳಿಯಬಹುದು.

ಇನ್ನು ಪದವಿಯ ಏರ್ಪಾಡು. 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯ ಪದ್ಧತಿ ಬಂದಿತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಪದ್ಧತಿಗಳು ಬದಲಾಗುತ್ತಿರುವಾಗ ವಿದ್ಯಾರ್ಥಿಯು ಅಣ್ಣನ ಮಾತನ್ನಾಗಲಿ ನೆರೆಮನೆಯವರ ಮಾತನ್ನಾಗಲಿ ನಂಬಿ ಕೂಡದೆ, ತಾನು ಸೇರುವ ವರ್ಷದ ನಿಯಮಾವಳಿಯನ್ನು ಕಾಲೇಜಿನಿಂದ ಕೇಳಿ ಪಡೆದು, ಯಾವ ಸೆಮಿಸ್ಟರಿನಲ್ಲಿ ಯಾವ ಪತ್ರಿಕೆ, ಐಚ್ಛಿಕ ಪತ್ರಿಕೆಗಳು ಯಾವುವು, ಪ್ರಬಂಧ ಬರೆಯುವ ಅವಕಾಶವುಂಟೇ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳತಕ್ಕದ್ದು. ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮೈಸೂರು ಎರಡೂ ಊರುಗಳಿಂದ ಸುಮಾರು 60 ಕಿಲೋಮೀಟರು. ದೊಡ್ಡ ಕಾಲೇಜಿಗೆ ಹೋಗದೆ ವಿದ್ಯೆ ಬಾರದೆಂಬುದು ಚರಿತ್ರೆಯ ಮಟ್ಟಿಗೆ ನಿಜವಲ್ಲ. ಅದೇಕೆಂಬುದು ಮುಂದೆ ತಿಳಿಯುವುದು.

ಮೊದಲ ವರ್ಷವನ್ನು ವಿಸ್ತಾರಕ್ಕೆ ಮೀಸಲಿಡಬೇಕು. ಪ್ರಪಂಚದ ಚರಿತ್ರೆ, ಭಾರತದ ಚರಿತ್ರೆ, ಕರ್ನಾಟಕದ ಚರಿತ್ರೆ ಮೂರರ ರೂಪುರೇಖೆಯೂ ಭೂಪಟದೊಡನೆ ಮನಸ್ಸಿನಲ್ಲಿ ನಿಲ್ಲಬೇಕು. ಆರಂಭದಲ್ಲಿಯೇ ‘ನನಗೆ ಹೊಯ್ಸಳರು ಸಾಕು’ ಎನ್ನುವವನು ಹೊಯ್ಸಳರನ್ನೂ ಅರಿಯಲಾರನು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ನಮ್ಮ ಸೀಮೆಯ ದಕ್ಷಿಣದ ಅಂಚಿನಲ್ಲಿರುವ ಗಜಲಹಟ್ಟಿ ಕಣಿವೆಯನ್ನಿಳಿದು ಸತ್ಯಮಂಗಲದ ಬಳಿ ಇಂಗ್ಲಿಷರೊಡನೆ ಕಾದಿತು. ಅದಕ್ಕೆ ಎರಡು ವರ್ಷ ಮುಂಚೆ, 1788ರಲ್ಲಿ, ಅವನ ರಾಯಭಾರಿಗಳು ಪ್ಯಾರಿಸ್ ನಗರಕ್ಕೆ ಹೋಗಿ ಫ್ರಾನ್ಸಿನ ದೊರೆ 16ನೆಯ ಲೂಯಿಯನ್ನು ಕಂಡಿದ್ದರು; ಮರುವರ್ಷವೇ ಆ ದೇಶದಲ್ಲಿ ಮಹಾಕ್ರಾಂತಿ ಎದ್ದಿತು. ಪ್ಯಾರಿಸಿನಲ್ಲಿ ನಡೆದುದನ್ನು ಅರಿಯದವನಿಗೆ ಗಜಲಹಟ್ಟಿಯಲ್ಲಿ ನಡೆದುದು ಅರ್ಧವೇ ಅರ್ಥವಾಗುವುದು. ದೊಡ್ಡ ಚರಿತ್ರೆಯ ಬೆಳಕಿಲ್ಲದೆ ಊರಿನ ಚರಿತ್ರೆ ಕಾಣದು; ಊರಿನ ಚರಿತ್ರೆಯ ನೆಲವಿಲ್ಲದೆ ದೊಡ್ಡ ಚರಿತ್ರೆ ನಿಲ್ಲದು.

ಜೊತೆಯ ವಿಷಯಗಳನ್ನು ಆರಿಸುವಾಗಲೂ ಯೋಚನೆ ಬೇಕು. ಶಾಸನಗಳ ಕಡೆಗೆ ಮನಸ್ಸುಳ್ಳವನು ಐಚ್ಛಿಕ ಕನ್ನಡವನ್ನು ತೆಗೆದುಕೊಂಡು ಹಳಗನ್ನಡವನ್ನು ಅಭ್ಯಾಸ ಮಾಡಲಿ. ಕಂದಾಯ, ವ್ಯಾಪಾರ, ಕ್ಷಾಮಗಳ ಕಡೆಗೆ ಒಲವುಳ್ಳವನಿಗೆ ಅರ್ಥಶಾಸ್ತ್ರವೂ, ಕಾಡು ಮತ್ತು ಬೇಸಾಯದ ಚರಿತ್ರೆಗೆ ಭೂಗೋಳವೂ, ಜನಪದದ ಕಡೆಗೆ ಹೋಗುವವನಿಗೆ ಸಮಾಜಶಾಸ್ತ್ರವೂ ಸಂಗಾತಿಗಳು. ಎಲ್ಲಕ್ಕೂ ಮಿಗಿಲಾಗಿ ಭಾಷೆ. 1004ರ ಸುಮಾರಿಗೆ ತಲಕಾಡು ಚೋಳರ ವಶವಾದಂದಿನಿಂದ 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದುಕೊಳ್ಳುವವರೆಗೆ ಈ ಸೀಮೆ ಚೋಳರ ಆಳ್ವಿಕೆಯಲ್ಲಿತ್ತು. ಅದರ ಗುರುತಾಗಿ ಇಲ್ಲಿ ತಮಿಳು ಶಾಸನಗಳೂ ಉಂಟು. ನೆರೆಯ ಭಾಷೆಯೊಂದನ್ನು ಓದಲು ಬಲ್ಲ ಗಡಿನಾಡಿನ ಹುಡುಗನಿಗೆ ಇದೊಂದು ಸಹಜವಾದ ಬಂಡವಾಳ. ಇಂಗ್ಲಿಷು ಬಾರದಿದ್ದರೆ 19ನೆಯ ಶತಮಾನದ ಸರ್ಕಾರಿ ದಫ್ತರಗಳು ಮೂಕವಾಗುವುವು.

ಎರಡನೆಯ ವರ್ಷದ ಕೊನೆಯೊಳಗೆ ವಿಶೇಷ ವ್ಯಾಸಂಗದ ಭಾಗವನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಇದಕ್ಕೆ ನಾವು ಮೂರು ಒರೆಗಲ್ಲುಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಆ ಭಾಗದ ಆಧಾರಗಳು ವಿದ್ಯಾರ್ಥಿಯ ಕೈಗೆ ಎಟುಕುವಂತಿವೆಯೇ? ಎರಡನೆಯದು, ಆ ಆಧಾರಗಳ ಭಾಷೆ ಅವನಿಗೆ ಬರುವುದೇ, ಅಥವಾ ಎರಡು ವರ್ಷಗಳಲ್ಲಿ ಬರಬಲ್ಲುದೇ? ಮೂರನೆಯದು, ಉತ್ತರ ತಿಳಿಯದೆ ಅವನ ಮನಸ್ಸನ್ನು ಕೊರೆಯುವ ಒಂದು ಪ್ರಶ್ನೆ ಅಲ್ಲಿ ಇದೆಯೇ? ರೋಮ್ ಸಾಮ್ರಾಜ್ಯವು ಎಷ್ಟೇ ಮನೋಹರವಾಗಿದ್ದರೂ ಲ್ಯಾಟಿನ್ ಬಾರದೆ, ಗ್ರಂಥಭಂಡಾರವಿಲ್ಲದೆ, ಗುಂಡ್ಲುಪೇಟೆಯಲ್ಲಿ ಕುಳಿತು ಅದನ್ನು ವಿಶೇಷವಾಗಿ ವ್ಯಾಸಂಗ ಮಾಡುವವನು ಇತರರು ಬರೆದುದನ್ನು ಮತ್ತೆ ಬರೆಯಬಲ್ಲನೇ ಹೊರತು ಹೊಸದೊಂದನ್ನು ಹೇಳಲಾರನು. ಅದೇ ಹುಡುಗನು ತನ್ನ ಹೋಬಳಿಯ ಕಲ್ಲುಗಳನ್ನು ಓದತೊಡಗಿದರೆ ದೊಡ್ಡ ವಿಶ್ವವಿದ್ಯಾನಿಲಯಗಳ ಪಂಡಿತರಿಗೂ ತಿಳಿಯದುದನ್ನು ತಿಳಿಸಬಲ್ಲನು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಚರಿತ್ರೆಯ ವಿದ್ಯಾರ್ಥಿಯು ಸುಳ್ಳು ಮಾಡಬೇಕು. ದೊಡ್ಡ ಕಾಲೇಜು ಅವಶ್ಯವಲ್ಲವೆಂದು ನಾವು ಹೇಳಿದುದರ ಅರ್ಥ ಇದೇ.

ಈ ಒರೆಗಲ್ಲುಗಳ ಮೇಲೆ ಉಜ್ಜಿ ನೋಡಿದರೆ ನಮ್ಮ ಸೀಮೆಯ ವಿದ್ಯಾರ್ಥಿಗೆ ಐದು ಭಾಗಗಳು ತೆರೆದಿವೆ.

ಮೊದಲನೆಯದು ಶಾಸನಗಳೂ ದೇವಾಲಯಗಳೂ. ಬಿ. ಎಲ್. ರೈಸ್ ಮಹಾಶಯರು ಮೈಸೂರು ಸಂಸ್ಥಾನದ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ನಮ್ಮ ಎರಡು ತಾಲ್ಲೂಕುಗಳ ಶಾಸನಗಳು 1898ರ 4ನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಲ್ಲಿ ಹೊಸ ಶಾಸನಗಳನ್ನು ಸೇರಿಸಿ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಹಿಂದೆ ದೊಡ್ಡ ಗ್ರಂಥಭಂಡಾರಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ರೈಸರ ಸಂಪುಟವನ್ನು ಇಂದು ಕೈಯಲ್ಲಿನ ಮೊಬೈಲಿನಲ್ಲಿಯೇ ಓದಬಹುದು. ಓದುವ ಕ್ರಮವೂ ಕಷ್ಟವಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ: ಶಕ 1600 ಎಂದರೆ 1678, ಚಿಕ್ಕದೇವರಾಜ ಒಡೆಯರ ಕಾಲ. ಅರವತ್ತು ಸಂವತ್ಸರಗಳ ಲೆಕ್ಕದಲ್ಲಿ ಅದು ಕಾಳಯುಕ್ತಿ. ಕಲ್ಲಿನ ಮೇಲೆ ಶಕವರ್ಷವೂ ಸಂವತ್ಸರವೂ ಒಂದಕ್ಕೊಂದು ಹೊಂದದಿದ್ದರೆ ಅಲ್ಲಿಯೇ ನಿಂತು, ಕೆತ್ತಿದವನ ಕೈತಪ್ಪೋ, ತರುವಾಯ ಹುಟ್ಟಿಸಿದ ಶಾಸನವೋ, ಎಂದು ಯೋಚಿಸಬೇಕು. ಗಂಗರ ಕಾಲದ ಗಾರೆಯ ಪ್ರತಿಮೆಗಳಿಂದ ಪ್ರಸಿದ್ಧವಾದ ನರಸಮಂಗಲದ ರಾಮೇಶ್ವರ ದೇವಾಲಯ, ತೆರಕಣಾಂಬಿಯ ಲಕ್ಷ್ಮೀವರದರಾಜ, ತ್ರಿಯಂಬಕಪುರದ ತ್ರಿಯಂಬಕೇಶ್ವರ, ವಿಜಯಪುರವೆಂಬ ಹಳೆಯ ಹೆಸರನ್ನು ನೆನಪಿಸುವ ಗುಂಡ್ಲುಪೇಟೆಯ ವಿಜಯನಾರಾಯಣ, ಇವೆಲ್ಲ ಒಂದು ದಿನದ ಬಸ್ಸಿನ ಪ್ರಯಾಣದಲ್ಲಿ ನೋಡಿ ಬರಬಹುದಾದ ಪಾಠಶಾಲೆಗಳು.

ಎರಡನೆಯದು ಪಾಳೆಯಗಾರರಿಂದ ಒಡೆಯರವರೆಗಿನ ರಾಜ್ಯನಿರ್ಮಾಣ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನ ಅರಸರನ್ನು ಅಡಗಿಸಲು ವಿಜಯನಗರದ ಕೃಷ್ಣದೇವರಾಯನೇ ದಂಡೆತ್ತಿ ಬರಬೇಕಾಯಿತು. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುಂಚೆ ಇದ್ದುದು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ. ತಂದೆಯ ನೆನಪಿಗಾಗಿ ಅವರು ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಅವರ ಕಾಲದ ಕಂದಾಯಕ್ಕೆ ವಿರೋಧವಾಗಿ ರೈತರು ಎದ್ದರೆಂದೂ ಜಂಗಮರ ವಧೆ ನಡೆಯಿತೆಂದೂ ವಿಲ್ಕ್ಸ್ ಬರೆದಿದ್ದಾರೆ, ದೇವಚಂದ್ರನೂ ಬರೆದಿದ್ದಾನೆ; ಇಬ್ಬರೂ ಬರೆದುದು ನೂರು ವರ್ಷಗಳಿಗಿಂತ ಈಚೆಗೆ. ಹಯವದನರಾಯರು ಅದನ್ನು ಸಂದೇಹಿಸಿದರು. ಇಂತಹ ವಿವಾದವು ಭಾಷಣಗಳಿಗೆ ಒಳ್ಳೆಯ ವಸ್ತು. ಸಾಕ್ಷಿಗಳನ್ನು ತೂಗುವ ವಿದ್ಯಾರ್ಥಿಗೆ ಇನ್ನೂ ಒಳ್ಳೆಯ ವಸ್ತು. ಊರಿನ ಹೆಸರೇ ಒಂದು ಪಾಠ: ಅರಿಕುಠಾರವೆಂಬ ಊರು, ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1818ರಲ್ಲಿ ಚಾಮರಾಜನಗರವಾಯಿತು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯ ಎದ್ದಿತು. ಒಬ್ಬ ಅರಸನು ಹೆಸರು ಮತ್ತು ಗುಡಿಗಳಿಂದ ತನ್ನ ವಂಶದ ಅಧಿಕಾರವನ್ನು ಹೇಗೆ ನೆಲೆಗೊಳಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಮೂರನೆಯದು ಗಡಿ ಮತ್ತು ಆಡಳಿತದ ಚರಿತ್ರೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಭಾಗಗಳು ಹಿಂದೆ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಒಂದೇ ಮಳೆ, ಒಂದೇ ಮಣ್ಣು, ಕನ್ನಡವನ್ನೇ ಆಡುವ ಜನ; ಆದರೆ ಕಂದಾಯದ ಪದ್ಧತಿಗಳು ಬೇರೆ, ಶಾಲೆಗಳು ಬೇರೆ, ದಫ್ತರಗಳು ಬೇರೆ. ಒಂದು ಪಾಲು ಬೆಂಗಳೂರು, ಮೈಸೂರುಗಳ ಪತ್ರಾಗಾರಗಳಲ್ಲಿ, ಇನ್ನೊಂದು ಪಾಲು ಚೆನ್ನೈನ ಎಗ್ಮೂರಿನಲ್ಲಿ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಈ ಗಡಿಯ ಎರಡು ಬದಿಗಳಲ್ಲಿ ಎರಡು ಸರ್ಕಾರಗಳು ಹೇಗೆ ಎದುರಿಸಿದವು ಎಂಬ ಒಂದು ಪ್ರಶ್ನೆಯೇ ಎಂ.ಎ. ವರೆಗೂ ಒಬ್ಬನಿಗೆ ಕೆಲಸ ಕೊಡಬಲ್ಲದು.

ನಾಲ್ಕನೆಯದು ಕಾಡಿನ ಚರಿತ್ರೆ. 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರು ಅಭಯಾರಣ್ಯವಾಯಿತು. 1941ರಲ್ಲಿ ಅದು ವಿಸ್ತಾರಗೊಂಡು, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಮೃಗಗಳ ರಕ್ಷಣೆಯ ಈ ಕಥೆಯನ್ನು ಎಲ್ಲರೂ ಬಲ್ಲರು. ಅದೇ ಕಾಡಿನಲ್ಲಿ ಜೇನು ಕೊಯ್ದು ಬಾಳಿದ ಕುರುಬರ, ಸೋಲಿಗರ ಕಥೆಯನ್ನು ಬಲ್ಲವರು ಕಡಿಮೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಮೇರೆಗೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯದ ಹಕ್ಕುಗಳು ದೊರೆತುವು. ಕಾಡು ಯಾರದೆಂಬ ಪ್ರಶ್ನೆ ಇಂದಿನ ಕಚೇರಿಗಳಲ್ಲಿಯೂ ಎದ್ದು ನಿಂತಿದೆ. ಅದರ ಹಿಂದಣ ನೂರು ವರ್ಷಗಳನ್ನು ಬಲ್ಲವನ ಮಾತಿಗೆ ಅಲ್ಲಿ ಬೆಲೆಯುಂಟು.

ಐದನೆಯದು ಬಾಯ್ದೆರೆಯ ಚರಿತ್ರೆ. ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಯಿಡೀ ಹಾಡುತ್ತಾರೆ. ಇವು ತೇದಿ ಹಾಕಿದ ದಾಖಲೆಗಳಲ್ಲ. ಆದರೆ ಶಾಸನ ಕೆತ್ತಿಸಲು ಹಣವಿಲ್ಲದಿದ್ದ ಜನರು ಅಧಿಕಾರವನ್ನೂ ಜಾತಿಯನ್ನೂ ಭಕ್ತಿಯನ್ನೂ ಹೇಗೆ ಕಂಡರು ಎಂಬುದನ್ನು ಇವುಗಳಷ್ಟು ಸ್ಪಷ್ಟವಾಗಿ ಇನ್ನಾವುದೂ ಹೇಳದು. ಮಾತನ್ನು ಧ್ವನಿಮುದ್ರಿಸಿ, ಹಾಡಿದವರ ಅನುಮತಿ ಪಡೆದು, ದಿನಾಂಕವನ್ನೂ ಸ್ಥಳವನ್ನೂ ಬರೆದಿಡುವ ಶಿಸ್ತು ಇಲ್ಲಿ ಅತ್ಯವಶ್ಯ.

ಇವುಗಳಲ್ಲಿ ಒಂದನ್ನು ಹಿಡಿದವನು ಸಂಕುಚಿತನಾಗುವನೆಂಬ ಭಯ ಬೇಡ. ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಚರಿತ್ರೆಯ ಪ್ರಾಧ್ಯಾಪಕರಾಗಿಯೂ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿಯೂ ಇದ್ದು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆಸಿದರು. 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದು ಕನ್ನಡದ ವಯಸ್ಸನ್ನೇ ಜಗತ್ತಿಗೆ ತಿಳಿಸಿದರು. ಎಸ್. ಶ್ರೀಕಂಠಶಾಸ್ತ್ರಿಗಳು ಹಲವು ಭಾಷೆಗಳನ್ನು ಕಲಿತು 1940ರಲ್ಲಿ ಕರ್ನಾಟಕದ ಇತಿಹಾಸದ ಆಕರಗಳನ್ನೇ ಒಂದು ಗ್ರಂಥವಾಗಿ ಕೂಡಿಸಿದರು. ಎಂ. ಚಿದಾನಂದಮೂರ್ತಿಗಳು ಕನ್ನಡದ ಅಧ್ಯಾಪಕರಾಗಿದ್ದುಕೊಂಡೇ 1966ರಲ್ಲಿ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಪ್ರಕಟಿಸಿ, ಅರಸರ ಪಟ್ಟಿಯಾಗಿದ್ದ ಕಲ್ಲುಗಳಲ್ಲಿ ಸಾಮಾನ್ಯ ಜನರ ಬದುಕನ್ನು ಕಂಡರು. ಮೂವರೂ ಒಂದೊಂದು ಬಗೆಯ ಆಧಾರವನ್ನು ಆಳವಾಗಿ ಹಿಡಿದವರು. ಆ ಆಳದಿಂದಲೇ ಅವರ ದೃಷ್ಟಿ ವಿಶಾಲವಾಯಿತು.

ಆದರೆ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಊರಿನ ಚರಿತ್ರೆಯನ್ನು ಬರೆಯಹೊರಟವನು ಊರಿನ ವಂದಿಮಾಗಧನಾಗುವ ಅಪಾಯವುಂಟು. ನಮ್ಮ ಊರೇ ಪುರಾತನ, ನಮ್ಮ ಕುಲವೇ ಶೂರ, ನಮ್ಮ ಗುಡಿಯೇ ಮೊದಲನೆಯದು, ಎಂದು ಸಾಧಿಸುವುದಕ್ಕಾಗಿ ಕಲ್ಲನ್ನು ತಿರುಚಿ ಓದುವವನು ದೇಶಾಭಿಮಾನಿಯಲ್ಲ, ಅವನು ಸುಳ್ಳುಸಾಕ್ಷಿ. ತನಗೆ ಅಪ್ರಿಯವಾದ ಸಾಕ್ಷ್ಯವನ್ನು ಪ್ರಿಯವಾದುದರ ಪಕ್ಕದಲ್ಲಿಯೇ ಬರೆದಿಡುವ ಧೈರ್ಯವೇ ಈ ವಿದ್ಯೆಯ ಪ್ರಾಣ. ಸತ್ಯವನ್ನು ತಾಳಿಕೊಳ್ಳಲಾರದ ಅಭಿಮಾನವು ದೇಶಕ್ಕೆ ಭೂಷಣವಾಗದು.

ಮೂರನೆಯ ವರ್ಷದಲ್ಲಿ ವಿದ್ಯಾರ್ಥಿಯು ನಿಯಮಾವಳಿಯಲ್ಲಿ ಇರಲಿ ಬಿಡಲಿ, ಇಪ್ಪತ್ತು ಮೂವತ್ತು ಪುಟಗಳ ಒಂದು ಪ್ರಬಂಧವನ್ನು ಸ್ವಂತ ಆಧಾರಗಳಿಂದ ಬರೆಯಲಿ. ಒಂದು ಕೆರೆಯ ಚರಿತ್ರೆ, ಒಂದು ಸಂತೆಯ ಚರಿತ್ರೆ, ಒಂದು ವೀರಗಲ್ಲಿನ ಸಾಲು ಸಾಕು. ಕಾಲೇಜಿನ ಅಧ್ಯಾಪಕರು ಅದನ್ನು ತಿದ್ದಿಕೊಡಲಿ. ಇಲ್ಲಿ ನಮ್ಮ ವಾಚಕರಾದ ಅಧಿಕಾರಿಗಳಿಗೂ ಕೆಲಸವುಂಟು. ಹಳೆಯ ಗ್ರಾಮನಕ್ಷೆಯನ್ನೋ ರಿಜಿಸ್ಟರನ್ನೋ ನೋಡಬೇಕೆಂದು ಅರ್ಜಿ ಹಿಡಿದು ಬಂದ ವಿದ್ಯಾರ್ಥಿಯನ್ನು ‘ನಾಳೆ ಬಾ’ ಎಂದು ಕಳುಹಿಸದೆ, ನಿಯಮಕ್ಕೆ ಒಳಪಟ್ಟು ಒಂದು ಮೇಜನ್ನೂ ಒಂದು ಗಂಟೆಯನ್ನೂ ಅವನಿಗೆ ಕೊಡಲಿ. ಗ್ರಂಥಾಲಯಗಳು ಪರಿಷ್ಕೃತ ಶಾಸನಸಂಪುಟಗಳನ್ನು ಬೀಗದ ಕಪಾಟಿನಿಂದ ಓದುವ ಮೇಜಿಗೆ ತರಲಿ. ಪಂಚಾಯಿತಿಯವರು ಚರಂಡಿಯ ಚಪ್ಪಡಿಯಾಗಿ ಬಿದ್ದಿರುವ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಲಿ; ಗುಡಿಯ ಜೀರ್ಣೋದ್ಧಾರ ಮಾಡುವವರು ಸುಣ್ಣ ಬಳಿಯುವ ಮುಂಚೆ ಅಕ್ಷರಗಳ ಚಿತ್ರ ತೆಗೆದಿಡಲಿ.

ಕಾಲ ಕಾಯುವುದಿಲ್ಲ. ಹೊಯ್ಸಳರ ದಂಡನಾಯಕರ ಹೆಸರು ಹೊತ್ತಿದ್ದ ದಣ್ಣಾಯಕನ ಕೋಟೆಯು ನಮ್ಮ ಗಡಿಯಾಚೆ ಭವಾನಿಸಾಗರದ ನೀರಿನಲ್ಲಿ ಮುಳುಗಿ ದಶಕಗಳಾದುವು. ನೀರಿಲ್ಲದೆಯೂ ಮುಳುಗುವ ವಸ್ತುಗಳುಂಟು: ರಸ್ತೆಯ ಅಗಲಕ್ಕೆ ಸಿಕ್ಕ ವೀರಗಲ್ಲು, ಗೆದ್ದಲು ಹಿಡಿದ ಕಡತ, ಹಾಡು ಬಲ್ಲ ಮುದುಕನ ಕೊನೆಯುಸಿರು. ಚರಿತ್ರೆಯನ್ನು ಬುಟ್ಟಿಯ ತಳದ ಕಾಯಿಯೆಂದು ತಿಳಿದು ಮಕ್ಕಳಿಗೆ ಕೊಟ್ಟರೆ ಇವು ಒಂದೊಂದಾಗಿ ಹೋಗುವುವು. ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಗನಾಗಲಿ ಮಗಳಾಗಲಿ ಚರಿತ್ರೆಯನ್ನು ಬಯಸಿ ಕೇಳಿದರೆ ಬೇಡವೆನ್ನಬೇಡಿರಿ, ಬಯಸದಿದ್ದರೆ ಬಲವಂತದಿಂದ ಅದರೊಳಗೆ ತಳ್ಳಲೂಬೇಡಿರಿ. ಬಯಸಿ ಬಂದ ಹತ್ತು ಮಂದಿ ವರ್ಷಕ್ಕೆ ಒಂದೊಂದು ಊರನ್ನು ಸರಿಯಾಗಿ ಓದಿ ಬರೆದರೆ, ಹತ್ತು ವರ್ಷಗಳಲ್ಲಿ ನೂರು ಊರುಗಳ ಚರಿತ್ರೆ ಕೈಯಲ್ಲಿರುತ್ತದೆ.